ನಾನು ಬರೆದ ಎರಡು ಅರ್ಜಿಗಳು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ. ಆದರೆ ಮನೆಗೆ ಬರುವ ಕಾಗದಗಳೆಲ್ಲ ಕನ್ನಡದಲ್ಲಿ. ಕರೆಂಟ್ ಬಿಲ್, ಮನೆ ತೆರಿಗೆಯ ಚಲನ್, ತಮ್ಮನ ಶಾಲೆಯ ಪತ್ರ, ಏನೇ ಬಂದರೂ ಅಬ್ಬಾ ಅದನ್ನು ಟಿ.ವಿ. ಮೇಲೆ ಇಟ್ಟು "ಬೇಟಿ ಕಾಲೇಜಿನಿಂದ ಬರಲಿ" ಎನ್ನುತ್ತಾರೆ. ಏಳನೇ ತರಗತಿಯಿಂದಲೂ ಇದು ನನ್ನ ಕೆಲಸ. ಓದಿ ಹೇಳುವುದು ಅಭ್ಯಾಸವಾಗಿತ್ತು. ಬರೆದು ಕೊಡುವ ಕೆಲಸ ಮಾತ್ರ ಈ ವರ್ಷ ಮೊದಲ ಸಲ ಬಂತು. ಸುದ್ದಿಪತ್ರಕ್ಕೆ ಲೇಖನ ಕೇಳಿದಾಗ ನಮ್ಮ ಕನ್ನಡ ಉಪನ್ಯಾಸಕರು "ಎಲ್ಲಿಂದಲೋ ನಕಲು ಮಾಡಿದ ಪ್ರಬಂಧ ಬೇಡ, ನಿಮಗೆ ಆದದ್ದನ್ನು ಬರೆಯಿರಿ" ಎಂದರು. ನನಗೆ ಆದದ್ದು ಇದು.

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ, ಈ ಮೂರರಲ್ಲಿ ಒಂದು ಎಂದುಕೊಳ್ಳಿ. ಒಂದರಲ್ಲಿ ನಮ್ಮ ಮನೆ, ಒಂದರಲ್ಲಿ ನಾನಿಯ ಮನೆ, ಒಂದರಲ್ಲಿ ಫೂಫಿಯ ಮನೆ. ಈ ವಿಷಯ ಮೂರೂ ಕಡೆ ಹೇಳಿದ್ದೇನೆ. ಮೂರೂ ಕಡೆ ಕೇಳಿದವರು "ನಮ್ಮ ಕಡೀನೂ ಹಂಗೇ ಐತಿ" ಎಂದರು. ಹಾಗಾಗಿ ಯಾವ ಊರು ಎನ್ನುವುದು ಮುಖ್ಯವಲ್ಲ.

ನಮ್ಮ ಬಡಾವಣೆಯ ನಡುವೆ ಒಂದು ಖಾಲಿ ಜಾಗವಿದೆ. ಎಲ್ಲರೂ ಅದನ್ನು ಪಾರ್ಕ್ ಎನ್ನುತ್ತಾರೆ. ಪಾರ್ಕ್ ಎಂದರೆ ನೀವು ಹುಲ್ಲುಹಾಸು, ಕಾರಂಜಿ ಎಂದು ಕಲ್ಪಿಸಿಕೊಳ್ಳಬೇಡಿ. ಎರಡು ಬೇವಿನ ಗಿಡ, ಅವುಗಳ ಕೆಳಗೆ ಒಂದು ಕಟ್ಟೆ, ನಾಲ್ಕು ಸಿಮೆಂಟ್ ಬೆಂಚು, ಕಾಲು ಮುರಿದ ಒಂದು ಜಾರುಬಂಡಿ. ಒಂದು ಮೂಲೆಯಲ್ಲಿ ಜಾಲಿ ಬೆಳೆದಿದೆ. ದೀಪದ ಕಂಬ ಒಂದಿದೆ, ದೀಪ ಇರಲಿಲ್ಲ. ಸುತ್ತ ತಂತಿ ಬೇಲಿ, ಒಂದು ಕಬ್ಬಿಣದ ಗೇಟು.

ಆದರೂ ಆ ಜಾಗ ಖಾಲಿ ಇದ್ದದ್ದು ನಾನು ನೋಡಿಲ್ಲ. ಬೆಳಿಗ್ಗೆ ಸಕ್ಕರೆ ಕಾಯಿಲೆ ಇರುವವರು ನಡೆಯುತ್ತಾರೆ. ಮಧ್ಯಾಹ್ನ ತಳ್ಳುಗಾಡಿಯವರು ಬೇವಿನ ನೆರಳಲ್ಲಿ ಮಲಗುತ್ತಾರೆ. ಸಂಜೆ ಹುಡುಗರ ಕ್ರಿಕೆಟ್. ಮಗ್ರಿಬ್ ಆದ ಮೇಲೆ ಹೆಂಗಸರು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಪತ್ರಾಸಿನ ಮನೆಯಲ್ಲಿ ಕರೆಂಟ್ ಹೋದರೆ ಒಳಗೆ ಕೂಡಲು ಆಗುವುದಿಲ್ಲ. ನಮ್ಮ ದಾದಿ ಕೊನೆಯ ಬೇಸಿಗೆಯನ್ನು ಕಳೆದದ್ದು ಆ ಕಟ್ಟೆಯ ಮೇಲೆಯೇ, ಕೈಯಲ್ಲಿ ಬೀಸಣಿಗೆ ಹಿಡಿದುಕೊಂಡು.

ಈ ವರ್ಷ ಎರಡು ಘಟನೆ ನಡೆದವು. ಮೊದಲನೆಯದು, ಬೆಳಿಗ್ಗೆ ನಡೆಯಲು ಹೋದ ಒಬ್ಬ ಅಜ್ಜಿಯ ಕಾಲಿಗೆ ಒಡೆದ ಬಾಟಲಿಯ ಗಾಜು ಹೊಕ್ಕು ಆರು ಹೊಲಿಗೆ ಬಿದ್ದವು. ರಾತ್ರಿ ಹತ್ತರ ನಂತರ ಯಾರೋ ಬಂದು ಕುಡಿಯುತ್ತಿದ್ದರು. ಅವರು ಯಾರು ಎನ್ನುವುದು ಕತ್ತಲಲ್ಲಿ ಯಾರಿಗೂ ಗೊತ್ತಿಲ್ಲ. ಕೆಲವರು ಠಾಣೆಗೆ ಹೋಗಿ ಹೇಳಿ ಬಂದರು.

ಎರಡನೆಯದು ನಮ್ಮ ಮನೆಯದು. ನನ್ನ ತಮ್ಮನಿಗೆ 14 ವರ್ಷ. ಒಂದು ರಾತ್ರಿ ಎಂಟೂವರೆಗೆ ಅವನು ಮತ್ತು ಮೂವರು ಗೆಳೆಯರು ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಿದ್ದರು. ಗಸ್ತಿನ ಗಾಡಿ ಬಂತು. "ಯಾರಲೇ, ಇಲ್ಲೇನ್ ಮಾಡಾಕತ್ತೀರಿ?" ಎಂದು ಕೇಳಿದರು. ಹುಡುಗರು ಹೆದರಿ ಓಡಿದರು. ಓಡಿದ್ದೇ ತಪ್ಪಾಯಿತು. ತಮ್ಮ ಬೇಲಿಯ ಹತ್ತಿರ ಸಿಕ್ಕಿಬಿದ್ದ. ಕಾಲಿಗೆ ಲಾಠಿಯ ಒಂದು ಏಟು, ಆಮೇಲೆ ಎಲ್ಲರ ಮುಂದೆ ಇಪ್ಪತ್ತು ಬಸ್ಕಿ. ಮನೆಗೆ ಬಂದವನು ಏನೂ ಹೇಳಲಿಲ್ಲ. ಮರುದಿನ ಅಮ್ಮಿ ಅವನ ಮೀನಗಂಡದ ಮೇಲೆ ನೀಲಿ ಗೆರೆ ನೋಡಿದಾಗಲೇ ನಮಗೆ ಗೊತ್ತಾದದ್ದು. ಅಂದಿನಿಂದ ಅವನು ಪಾರ್ಕಿಗೆ ಹೋಗಿಲ್ಲ.

ಇವೆರಡೂ ಆದ ಮೇಲೆ ಒಂದು ಭಾನುವಾರ ಅಸರ್ ನಮಾಜಿನ ನಂತರ ಬಡಾವಣೆಯವರು ಕಟ್ಟೆಯ ಮೇಲೆ ಸೇರಿದರು. ನಮ್ಮ ಬಡಾವಣೆಯಲ್ಲಿ ಅರ್ಧ ಮನೆ ಉರ್ದುವಿನವರದು, ಅರ್ಧ ಮನೆ ಕನ್ನಡದವರದು. ಸಭೆಗೆ ಹೆಂಗಸರನ್ನು ಯಾರೂ ಕರೆದಿರಲಿಲ್ಲ. ನನ್ನನ್ನು ಕರೆದದ್ದು ಬರೆಯುವುದಕ್ಕೆ. ನಾನು ಹೋಗುತ್ತೇನೆಂದು ಅಮ್ಮಿ ಬಂದರು, ಅಮ್ಮಿ ಬಂದರೆಂದು ಪಕ್ಕದ ಮನೆಯ ಖಾಲಾ ಬಂದರು, ಅವರನ್ನು ನೋಡಿ ಎದುರು ಮನೆಯ ನೀಲಮ್ಮಕ್ಕ ಬಂದರು. ಹೀಗೆ ಏಳು ಜನ ಹೆಂಗಸರಾದರು. ಹುಡುಗರು ಬೇಲಿಯ ಆಚೆ ನಿಂತು ಕೇಳುತ್ತಿದ್ದರು.

ನಿವೃತ್ತ ಮಾಸ್ತರರು ಮೊದಲು ಮಾತಾಡಿದರು. "ಕತ್ತಲಾದ ಮ್ಯಾಲ ಇಲ್ಲಿ ಯಾರ್ ಬರ್ತಾರ, ಯಾರ್ ಹೋಗ್ತಾರ ಗೊತ್ತಾಗವಲ್ದು. ಏಳಕ್ಕ ಗೇಟಿಗೆ ಕೀಲಿ ಹಾಕ್ರಿ. ಮುಂಜಾನೆ ಐದಕ್ಕ ತೆಗೀರಿ. ಮುಗೀತು."

ಖಾಲಾ ಅಲ್ಲಿಂದಲೇ ಹೇಳಿದರು, "ಕೀಲಿ ಹಾಕಿದ್ರ ನಾವ್ ಎಲ್ಲಿ ಕೂಡ್ಬೇಕ್ರಿ ಮಾಸ್ತರ್? ನಿಮ್ಮನ್ಯಾಗ ಇನ್ವರ್ಟರ್ ಐತಿ. ಕರೆಂಟ್ ಹೋದಾಗ ನಮ್ಮ ಪತ್ರಾಸಿನ ಮನ್ಯಾಗ ಒಂದು ತಾಸು ಕೂತು ನೋಡ್ರಿ." ಮಾಸ್ತರರು ಸಿಟ್ಟಾಗಲಿಲ್ಲ. "ಅದೂ ಖರೇನೇ ಅವ್ವ" ಎಂದು ಸುಮ್ಮನಾದರು.

ಆಗ ಕಿರಾಣಿ ಅಂಗಡಿಯ ಚಾಚಾ ಹೊಸ ಮಾತು ತೆಗೆದರು. ಜಾಲಿ ಬೆಳೆದ ಮೂಲೆಯನ್ನು ಪೊಲೀಸ್ ಚೌಕಿಗೆ ಕೊಟ್ಟುಬಿಡೋಣ, ಇಬ್ಬರು ಪೊಲೀಸರು ಸದಾ ಕಣ್ಣೆದುರು ಇದ್ದರೆ ಕುಡುಕರ ಕಾಟ ತಾನಾಗಿಯೇ ನಿಲ್ಲುತ್ತದೆ ಎಂದರು. ಬಹಳ ಜನರಿಗೆ ಇದು ಸರಿ ಕಂಡಿತು. ಇನ್ನೊಬ್ಬರು, ಹೇಗೂ ಕೊಡುವುದಾದರೆ ಇನ್ನರ್ಧದಲ್ಲಿ ಶಾದಿ ಮಹಲ್ ಕೇಳೋಣ ಎಂದರು. ಮತ್ತೊಬ್ಬರು ಸಮುದಾಯ ಭವನ ಎಂದರು. ಹತ್ತು ನಿಮಿಷದಲ್ಲಿ ಪಾರ್ಕ್ ಪೂರ್ತಿ ಕಟ್ಟಡಗಳಿಂದ ತುಂಬಿಹೋಯಿತು. ನೀಲಮ್ಮಕ್ಕ ನಗುತ್ತಾ, "ಪಾರ್ಕ್ ಎಲ್ಲಿ ಉಳೀತು, ಹುಡುಕ್ರಿ" ಎಂದರು. ಆಮೇಲೆ ಎಲ್ಲರೂ ನಕ್ಕರು.

ಕೊನೆಗೆ ಆದ ತೀರ್ಮಾನ ಇಷ್ಟೇ: "ಹುಡುಗಿ ಒಂದು ಅರ್ಜಿ ಬರೀಲಿ. ಎಲ್ಲಾ ಬರೀಲಿ. ನಾವೆಲ್ಲ ಸಹಿ ಮಾಡ್ತೀವಿ."

ಎಲ್ಲಾ ಬರೀಲಿ ಎಂದರೆ ಏನು ಬರೆಯುವುದು? ಅವತ್ತು ರಾತ್ರಿ ಹಾಳೆ ಇಟ್ಟುಕೊಂಡು ಕೂತೆ. "ಇವರಿಗೆ" ಎಂದು ಬರೆದೆ. ಮುಂದೆ ಪೆನ್ನು ಹೋಗಲಿಲ್ಲ. ಯಾರಿಗೆ? ಅದೇ ನನಗೆ ಗೊತ್ತಿರಲಿಲ್ಲ.

ಅಬ್ಬಾ ಪಕ್ಕದಲ್ಲಿ ಕೂತು ಒಂದು ಹಳೆಯ ಮಾತು ಹೇಳಿದರು. ಅವರ ದಾದಾ, ಅಂದರೆ ನನ್ನ ಪರದಾದಾ, ನಿಜಾಮರ ಕಾಲದಲ್ಲಿ ಕಚೇರಿಯ ಮುಂದೆ ಚಾಪೆ ಹಾಕಿಕೊಂಡು ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರಂತೆ. ಆಗ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಭಾಷೆ ಉರ್ದು. ಕನ್ನಡ ಮಾತ್ರ ಬಲ್ಲ ರೈತರು ತಮ್ಮ ಕಷ್ಟ ಹೇಳುತ್ತಿದ್ದರು, ಪರದಾದಾ ಅದನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. ಕಚೇರಿಯ ಭಾಷೆ ಬದಲಾಯಿತು, ಪರದಾದಾನ ಕೆಲಸ ಹೋಯಿತು. ಈಗ ಉರ್ದುವಿನಲ್ಲಿ ಕಷ್ಟ ಕೇಳಿ ಕನ್ನಡದಲ್ಲಿ ಬರೆಯುವ ಸರದಿ ನನ್ನದು.

ಬರೆಯುತ್ತಾ ಹೋದಂತೆ ನನಗೆ ಒಂದು ವಿಷಯ ಕಂಡಿತು. ಅರ್ಜಿ, ಕಚೇರಿ, ಜಿಲ್ಲೆ, ತಾಲೂಕು, ತಹಶೀಲ್ದಾರ್, ದಾಖಲೆ, ನಕಲು, ನಕ್ಷೆ, ಖಾತೆ, ವಸೂಲಿ. ಇವೆಲ್ಲ ಕನ್ನಡ ಅರ್ಜಿಯಲ್ಲಿ ಬರುವ ಪದಗಳು, ಆದರೆ ನಮ್ಮ ಮನೆಯಲ್ಲಿ ದಾದಿ ಆಡುತ್ತಿದ್ದ ಪದಗಳೂ ಇವೇ. ನಮ್ಮ ಲೆಕ್ಕಶಾಸ್ತ್ರದ ಜಮಾ-ಖರ್ಚು ಕೂಡ ಹಾಗೆಯೇ. ಕನ್ನಡದಲ್ಲಿ ಅರ್ಜಿ ಬರೆಯಲು ನನಗಿದ್ದ ಹೆದರಿಕೆ ಅರ್ಧ ಅಲ್ಲಿಯೇ ಕಡಿಮೆಯಾಯಿತು.

"ಯಾರಿಗೆ" ಎನ್ನುವ ಪ್ರಶ್ನೆಗೆ ಮರುದಿನ ನಮ್ಮ ರಾಜ್ಯಶಾಸ್ತ್ರ ಉಪನ್ಯಾಸಕರ ಹತ್ತಿರ ಹೋದೆ. ನಾನು ಅವರ ವಿದ್ಯಾರ್ಥಿನಿ ಅಲ್ಲ, ಆದರೂ ಗ್ರಂಥಾಲಯದಲ್ಲಿ ಅರ್ಧ ಗಂಟೆ ಕೂಡಿಸಿಕೊಂಡು ಹೇಳಿದರು. ನಾನು ಟಿಪ್ಪಣಿ ಮಾಡಿಕೊಂಡದ್ದನ್ನು ಇಲ್ಲಿ ಕೊಡುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು.

ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ಆಯಿತು, 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಿಂದ 12ನೇ ಅನುಸೂಚಿ ಸೇರಿತು. ನಗರದ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳು ಅದರಲ್ಲಿವೆ. ಉದ್ಯಾನ, ತೋಟ, ಆಟದ ಮೈದಾನ ಅದರಲ್ಲಿದೆ. ಬೀದಿದೀಪವೂ ಅದರಲ್ಲಿದೆ. ಆದರೆ ಪೊಲೀಸ್ ಅದರಲ್ಲಿಲ್ಲ. ಪೊಲೀಸ್ ರಾಜ್ಯಪಟ್ಟಿಯ ವಿಷಯ. ಅಂದರೆ ಪಾರ್ಕಿನ ಬೇಲಿ, ಬೆಂಚು, ದೀಪಕ್ಕೆ ಕೇಳಬೇಕಾದದ್ದು ನಗರಸಭೆಯ ಪೌರಾಯುಕ್ತರನ್ನು. ಗಸ್ತು ಕೇಳಬೇಕಾದದ್ದು ಠಾಣೆಯನ್ನು, ಅದರ ಮೇಲೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳನ್ನು. ನಗರಸಭೆಯ ಸದಸ್ಯರು ಪೊಲೀಸರಿಗೆ ಆದೇಶ ಕೊಡುವಂತಿಲ್ಲ, ಪೊಲೀಸರು ದೀಪ ಹಾಕಿಸುವಂತಿಲ್ಲ. ನಾವು ಕಟ್ಟೆಯ ಮೇಲೆ ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿದ್ದೆವು.

ನಮ್ಮ ಮೂರೂ ಊರುಗಳಲ್ಲಿ ಇರುವುದು ನಗರಸಭೆ, ಒಂದೊಂದರಲ್ಲೂ 31 ವಾರ್ಡು. ವಾರ್ಡಿನ ಜನ ಕೂತು ಮಾತಾಡಲು ವಾರ್ಡ್ ಸಮಿತಿ ಎಂಬುದು ಇರುತ್ತದಲ್ಲ ಎಂದು ಕೇಳಿದೆ. ಸಂವಿಧಾನ ಅದನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ನಗರಗಳಿಗೆ. 2011ರ ಜನಗಣತಿಯಲ್ಲಿ ಯಾದಗಿರಿ ಸುಮಾರು 74 ಸಾವಿರ, ಶಹಾಪುರ ಸುಮಾರು 53 ಸಾವಿರ, ಸುರಪುರ ಸುಮಾರು 51 ಸಾವಿರ. ಮೂರನ್ನೂ ಕೂಡಿಸಿದರೂ 3 ಲಕ್ಷ ಆಗುವುದಿಲ್ಲ. ಹಾಗಾಗಿ ನಮಗೆ ಬೇವಿನ ಕಟ್ಟೆಯೇ ವಾರ್ಡ್ ಸಮಿತಿ. ಸುರಪುರದ ಬೆಟ್ಟದ ಮೇಲೆ ಟೇಲರ್ ಮಂಜಿಲ್ ನೋಡಿದ್ದೀರಿ. 1840ರ ದಶಕದಲ್ಲಿ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ ಬಾಲಕ ರಾಜನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡದ್ದು ಆ ಊರಿನಿಂದ. ಆಗ ಅರ್ಜಿ ಒಬ್ಬನಿಗೆ ಕೊಟ್ಟರೆ ಸಾಕಿತ್ತು. ಈಗ ಯಾರಿಗೆ ಕೊಡಬೇಕೆಂದು ತಿಳಿಯುವುದೇ ಅರ್ಧ ಕೆಲಸ. ಆದರೆ ಈಗ ಅದನ್ನು ಹಕ್ಕಿನಿಂದ ಕೇಳಬಹುದು, ಆ ವ್ಯತ್ಯಾಸ ಸಣ್ಣದಲ್ಲ.

ಮನೆಗೆ ಬಂದು ತೆರಿಗೆಯ ಚಲನ್ ತೆಗೆದು ನೋಡಿದೆ. ಇಷ್ಟು ವರ್ಷ ನಾನು ಅದರ ಒಟ್ಟು ಮೊತ್ತ ಮಾತ್ರ ಓದಿ ಹೇಳುತ್ತಿದ್ದೆ. ಈ ಸಲ ಸಾಲು ಸಾಲಾಗಿ ಓದಿದೆ. ಆಸ್ತಿ ತೆರಿಗೆ, ಅದರ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಅಬ್ಬಾ ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಟ್ಟುತ್ತಾರೆ, ಆಗ ಶೇ. 5 ರಿಯಾಯಿತಿ ಸಿಗುತ್ತದೆ. "ಅಬ್ಬಾ, ಆ ದೀಪಕ್ಕೆ ನಾವು ದುಡ್ಡು ಕೊಟ್ಟಾಗಿದೆ" ಎಂದೆ. ಅವರಿಗೆ ಅದು ಹೊಸದಾಗಿ ಕಂಡಿತು. ಅಲ್ಲಿಯವರೆಗೆ ಅವರು ಅರ್ಜಿ ಎಂದರೆ ಬೇಡುವುದು ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಚೌಕಿ ಕಟ್ಟುವ ವಿಷಯಕ್ಕೆ ಉಪನ್ಯಾಸಕರು ಒಂದು ಪ್ರಕರಣ ಹೇಳಿದ್ದರು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಅದಕ್ಕೆ ಮುಖ್ಯಮಂತ್ರಿಗಳ ನಿರ್ದೇಶನವೂ ಇತ್ತು. ಬಡಾವಣೆಯ ನಿವಾಸಿಗಳು ಒಪ್ಪಲಿಲ್ಲ. ಹೈಕೋರ್ಟಿನಲ್ಲಿ ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಹಾಗೆ ಬೇರೆ ಕೆಲಸಕ್ಕೆ ಕೊಡಲು ಬರುವುದಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬುದು ಅದರ ಸಾರ. ನಮ್ಮ ರಾಜ್ಯದಲ್ಲಿ ಉದ್ಯಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೂ ಇದೆ. ಆಸ್ಪತ್ರೆ ಒಳ್ಳೆಯದೇ, ಚೌಕಿಯೂ ಒಳ್ಳೆಯದೇ. ಆದರೆ ಒಳ್ಳೆಯದು ಎಂದು ಒಂದು ಮೂಲೆ ಕೊಟ್ಟರೆ, ಇನ್ನೊಂದು ಮೂಲೆಗೂ ಒಂದು ಒಳ್ಳೆಯ ಕಾರಣ ಸಿಗುತ್ತದೆ. ಅದನ್ನು ನಾವು ಕಟ್ಟೆಯ ಮೇಲೆ ಹತ್ತು ನಿಮಿಷದಲ್ಲಿ ಮಾಡಿ ತೋರಿಸಿದ್ದೆವು.

ಆದರೆ ನಮ್ಮ ಜಾಗ ದಾಖಲೆಯಲ್ಲಿ ನಿಜವಾಗಿಯೂ ಪಾರ್ಕ್ ಹೌದೋ ಅಲ್ಲವೋ? ಇದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಬರೆದದ್ದು ನಾನು, ಸಹಿ ಅಮ್ಮಿಯದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ನಾನು ಮೊದಲು ಬರೆದದ್ದು ಎರಡು ಪುಟ ಆಗಿತ್ತು. "ದಯವಿಟ್ಟು", "ತಮ್ಮ ಅಮೂಲ್ಯ", "ಬಡವರಾದ ನಾವು" ಎಲ್ಲ ತೆಗೆದ ಮೇಲೆ ಉಳಿದದ್ದು ಒಂದೇ ಸಾಲು: ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ನಕಲು ಬೇಕು. ಕಾನೂನಿನಲ್ಲಿ 30 ದಿನದ ಗಡುವು ಇದೆ. 26ನೇ ದಿನ ಪತ್ರ ಬಂತು, ನಕಲಿನ ಶುಲ್ಕ ಕಟ್ಟಿ ನಕ್ಷೆ ತಂದೆವು. ಅದರಲ್ಲಿ ನಮ್ಮ ಜಾಗದ ಮೇಲೆ ಸಣ್ಣ ಅಕ್ಷರದಲ್ಲಿ "ಉದ್ಯಾನವನ" ಎಂದು ಬರೆದಿತ್ತು. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಅವರು ಆ ಪದದ ಮೇಲೆ ಬೆರಳಿಟ್ಟು "ಇದಾ?" ಎಂದು ಎರಡು ಸಲ ಕೇಳಿದರು.

ಅಲ್ಲಿಗೆ ಚೌಕಿಯ ಮಾತು ನಿಂತಿತು. ಕಿರಾಣಿ ಚಾಚಾನೇ "ಬ್ಯಾಡ ಬಿಡ್ರಿ" ಎಂದರು. ಒಂದರ ಬದಲು ಎರಡು ಅರ್ಜಿ ಎಂದು ತೀರ್ಮಾನವಾಯಿತು.

ಪೌರಾಯುಕ್ತರಿಗೆ ಬರೆದ ಅರ್ಜಿ ಸುಲಭವಾಗಿತ್ತು. ಕಂಬಕ್ಕೆ ದೀಪ, ಜಾಲಿ ತೆಗೆಸುವುದು, ಜಾರುಬಂಡಿ ದುರಸ್ತಿ, ಜಾಗದ ಅಳತೆ ಬರೆದ ಒಂದು ಫಲಕ. ನಕ್ಷೆಯ ನಕಲು ಲಗತ್ತಿಸಿದೆ. ಕಷ್ಟವಾದದ್ದು ಠಾಣೆಗೆ ಬರೆದ ಅರ್ಜಿ.

ನಾನು ಅದರಲ್ಲಿ ತಮ್ಮನಿಗೆ ಆದದ್ದನ್ನು ಬರೆದೆ. ದಿನ, ಸಮಯ, ಏಟು, ಬಸ್ಕಿ. ಬಾಲನ್ಯಾಯ ಕಾಯ್ದೆ 2015ರಲ್ಲಿ 18 ವರ್ಷದ ಒಳಗಿನವರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಇದೆ, ತಪ್ಪು ಮಾಡಿದ ಆರೋಪ ಇರುವ ಮಗುವನ್ನೂ ಲಾಕಪ್ಪಿನಲ್ಲಿ ಇಡುವಂತಿಲ್ಲ ಎಂದೂ ಸೇರಿಸಿದೆ. ನನ್ನ ತಮ್ಮ ತಪ್ಪೇ ಮಾಡಿರಲಿಲ್ಲ. ಅಬ್ಬಾಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಆ ಸಾಲು ತೆಗಿ" ಎಂದರು.

ನಾನು ಯಾಕೆ ಎಂದೆ. "ನನ್ನ ಪಂಕ್ಚರ್ ಅಂಗಡಿ ರೋಡ್ ಮೇಲಿದೆ ಬೇಟಿ. ದಿನಾ ಆ ಗಾಡಿ ಅಲ್ಲಿಂದಲೇ ಹೋಗುತ್ತದೆ. ನಾಳೆ ನಿನ್ನ ತಮ್ಮನ ಹೆಸರು ಎಲ್ಲಿಯಾದರೂ ಬರೆದುಕೊಂಡರೆ ನೀನು ಅಳಿಸುತ್ತೀಯಾ?" ಎಂದರು. ಅಮ್ಮಿ ಏನೂ ಹೇಳಲಿಲ್ಲ. ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ನಿದ್ದೆ ಮಾಡಿರಲಿಲ್ಲ.

ಎರಡು ದಿನ ನಾನು ಅಬ್ಬಾನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವರು ಹೆದರಿದರು ಎಂದು ನನಗೆ ಸಿಟ್ಟು. ಆದರೆ ಆ ಹೆದರಿಕೆಯ ಲೆಕ್ಕ ನಾನು ಕಟ್ಟುವುದಿಲ್ಲ, ಅವರು ಕಟ್ಟುತ್ತಾರೆ ಎಂದೂ ಅನ್ನಿಸಿತು. ಮೂರನೇ ದಿನ ಆ ಸಾಲು ತೆಗೆದೆ. ಅದರ ಜಾಗದಲ್ಲಿ ಮೂರು ಬೇಡಿಕೆ ಬರೆದೆ. ಒಂದು, ನಮ್ಮ ಬೀಟ್ ಪೊಲೀಸರ ಹೆಸರು ಮತ್ತು ನಂಬರ್ ಪಾರ್ಕಿನ ಗೇಟಿನ ಮೇಲೆ ಇರಲಿ. ಎರಡು, ರಾತ್ರಿ ಹತ್ತರ ನಂತರ ಗಸ್ತು ಬರಲಿ, ಕುಡಿಯುವವರು ಬರುವುದು ಆಗಲೇ. ಮೂರು, ಸಂಜೆ ಪಾರ್ಕಿನಲ್ಲಿ ಇರುವ ಮಕ್ಕಳ ಮೇಲೆ ಸಂಶಯ ಬಂದರೆ ಹೆಸರು ಕೇಳಿ, ಮನೆಯವರನ್ನು ಕರೆಸಲಿ, ಹೊಡೆಯಬಾರದು.

ಮೂರನೇ ಬೇಡಿಕೆಯನ್ನು ಓದಿದಾಗ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ನು ತೆಗೆದುಕೊಂಡು ಉರ್ದುವಿನಲ್ಲಿ ಸಹಿ ಮಾಡಿದರು. ಒಟ್ಟು 63 ಸಹಿ ಆದವು. ಕೆಲವು ಕನ್ನಡದಲ್ಲಿ, ಕೆಲವು ಉರ್ದುವಿನಲ್ಲಿ, ಹದಿನೇಳು ಹೆಬ್ಬೆಟ್ಟು. 2011ರ ಜನಗಣತಿಯಲ್ಲಿ ಅಕ್ಷರಸ್ಥರ ಪ್ರಮಾಣ ರಾಜ್ಯದಲ್ಲೇ ಕಡಿಮೆ ಇದ್ದದ್ದು ನಮ್ಮ ಜಿಲ್ಲೆಯಲ್ಲಿ, ಶೇ. 52ರಷ್ಟು. ಪುಸ್ತಕದಲ್ಲಿ ಓದಿದ್ದ ಆ ಅಂಕಿ ಅವತ್ತು ನೀಲಿ ಇಂಕಿನಲ್ಲಿ ಕಂಡಿತು.

ತಮ್ಮನೂ ಅರ್ಜಿ ಓದಿದ. ಅವನು ಕೇಳಿದ್ದು ಒಂದೇ, "ಆಪಾ, ಇದರಲ್ಲಿ ನಾನು ಎಲ್ಲಿದ್ದೇನೆ?" ನಾನು ಮೂರನೇ ಬೇಡಿಕೆ ತೋರಿಸಿದೆ. "ಇಲ್ಲಿ ಮಕ್ಕಳು ಅಂತ ಇದೆ" ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಅರ್ಜಿ ಕೊಟ್ಟ ಹದಿನೈದು ದಿನಕ್ಕೆ ಒಬ್ಬ ಬೀಟ್ ಪೊಲೀಸರು ಕಟ್ಟೆಗೆ ಬಂದರು. ಗಸ್ತಿನ ಗಾಡಿಯಲ್ಲಿ ಇದ್ದವರು ಇವರಲ್ಲ. ನಮ್ಮ ರಾಜ್ಯದಲ್ಲಿ 2017ರಿಂದ ಹೊಸ ಬೀಟ್ ಪದ್ಧತಿ ಇದೆ, ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಸಿಬ್ಬಂದಿ. 2025ರಲ್ಲಿ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮವೂ ಬಂದಿದೆ. ನೀಲಮ್ಮಕ್ಕ ಅವರಿಗೆ ಚಹಾ ಕೊಟ್ಟರು. ಅವರು ಮೂರನೇ ಬೇಡಿಕೆಯನ್ನು ಎರಡು ಸಲ ಓದಿ, "ಇದು ಯಾಕ ಬರದೀರಿ?" ಎಂದು ಕೇಳಿದರು.

ಯಾರೂ ಮಾತಾಡಲಿಲ್ಲ. ಅಬ್ಬಾ ನೆಲ ನೋಡುತ್ತಿದ್ದರು. ಆಗ ಮಾಸ್ತರರು, ಏಳಕ್ಕೆ ಕೀಲಿ ಹಾಕಿ ಎಂದಿದ್ದ ಅದೇ ಮಾಸ್ತರರು, ಎದ್ದು ನಿಂತು ಹೇಳಿದರು: "ನಮ್ಮ ಓಣಿ ಹುಡುಗ್ರಿಗೆ ಇಲ್ಲಿ ಹೊಡೆದಾರ್ರಿ. ನಾ ಕಿಡಕ್ಯಾಗ ನಿಂತು ನೋಡೀನಿ. ನಾಕೂ ಹುಡುಗ್ರು ನಂಗ ಗೊತ್ತು. ಅವ್ರು ಕುಡಿಯಾವ್ರಲ್ಲ." ಯಾರ ಹೆಸರನ್ನೂ ಅವರು ಹೇಳಲಿಲ್ಲ. "ನಮ್ಮ ಓಣಿ ಹುಡುಗ್ರು" ಎಂದರು, ಅಷ್ಟೇ.

ಆ ಪೊಲೀಸರು ಚಹಾದ ಲೋಟ ಕೆಳಗೆ ಇಟ್ಟರು. "ನಾ ಖರೇ ಹೇಳ್ತೀನ್ರಿ. ನಂಗ ಇಂಥಾ ಓಣಿ ಇನ್ನೂ ಭಾಳ ಅದಾವ. ವಾರದಾಗ ಎರಡು ಮೂರು ದಿನ ಬಂದೋಬಸ್ತ್. ಕತ್ತಲಾಗ ಯಾರು ಕುಡಿಯಾವ್ರು, ಯಾರು ಹುಡುಗ್ರು ಗೊತ್ತಾಗಂಗಿಲ್ಲ. ಆದ್ರ ಹೊಡೀಬಾರದಿತ್ತು. ಸಾಹೇಬ್ರಿಗೆ ಹೇಳ್ತೀನಿ. ನೀವೂ ಏನಾರ ಆದ್ರ 112ಕ್ಕ ಫೋನ್ ಮಾಡ್ರಿ" ಎಂದು ತಮ್ಮ ನಂಬರನ್ನೂ ಬರೆಸಿದರು.

ಅವರ ಮಾತು ಕೇಳಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕೀಲಿ ಬೇಕು ಎಂದ ಮಾಸ್ತರರು, ಚೌಕಿ ಬೇಕು ಎಂದ ಚಾಚಾ, ಕತ್ತಲಲ್ಲಿ ಗೊತ್ತಾಗುವುದಿಲ್ಲ ಎಂದ ಪೊಲೀಸರು, ಮೂವರೂ ಹೇಳಿದ್ದು ಒಂದೇ ಕತ್ತಲಿನ ಮಾತು. ನಗರಸಭೆಯ ಒಂದು ದೀಪ ಮಾಡಬೇಕಾದ ಕೆಲಸವನ್ನು ನಾವು ಲಾಠಿಯಿಂದ ಮಾಡಿಸಲು ಹೊರಟಿದ್ದೆವು. ಬೆಳಕು ಇದ್ದಲ್ಲಿ ಹೆಂಗಸರು ಕೂಡುತ್ತಾರೆ, ಹೆಂಗಸರು ಕೂತಲ್ಲಿ ಕುಡಿಯುವವರು ಬರುವುದಿಲ್ಲ, ಹುಡುಗರ ಮುಖವೂ ಕಾಣುತ್ತದೆ. ಹಾಗೆಂದು ಏಟು ಸರಿ ಎಂದು ನಾನು ಹೇಳುತ್ತಿಲ್ಲ. ಕತ್ತಲಲ್ಲಿಯೂ 14 ವರ್ಷದ ಹುಡುಗ 14 ವರ್ಷದ ಹುಡುಗನೇ.

ಈಗ ಏನಾಗಿದೆ? ದೀಪ ಬಂದಿದೆ, ಅರ್ಜಿ ಕೊಟ್ಟು ಎರಡು ತಿಂಗಳಿಗೆ. ಜಾಲಿ ತೆಗೆದಿದ್ದಾರೆ. ಜಾರುಬಂಡಿ ಹಾಗೆಯೇ ಇದೆ. ಫಲಕ ಬಂದಿಲ್ಲ, ನಕ್ಷೆಯ ನಕಲು ಮಾಸ್ತರರ ಕಪಾಟಿನಲ್ಲಿದೆ. ಗೇಟಿಗೆ ರಾತ್ರಿ ಹತ್ತಕ್ಕೆ ಕೀಲಿ ಹಾಕುವುದೆಂದು ಎಲ್ಲರೂ ಒಪ್ಪಿದರು, ಕೀಲಿಕೈ ಖಾಲಾನ ಹತ್ತಿರ. ಗಸ್ತು ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಮುಂದಿನ ಸಭೆಗೆ ಹೆಂಗಸರನ್ನೂ ಕರೆಯಬೇಕು ಎಂದು ಈಗ ಯಾರೂ ಹೇಳಬೇಕಾಗಿಲ್ಲ, ಅವರು ಮೊದಲೇ ಬಂದು ಕೂತಿರುತ್ತಾರೆ.

ತಮ್ಮ ಬಹಳ ದಿನ ಹೋಗಲಿಲ್ಲ. ಕಳೆದ ವಾರ ಮಾಸ್ತರರೇ ನಮ್ಮ ಬಾಗಿಲಿಗೆ ಬಂದು, "ಏನಪಾ, ಅಂಪೈರ್ ಬೇಕಾಗ್ಯಾನ, ಬರ್ತಿ ಏನು?" ಎಂದು ಕರೆದರು. ಅವನು ಅಬ್ಬಾನ ಮುಖ ನೋಡಿದ. ಅಬ್ಬಾ ತಲೆ ಆಡಿಸಿದರು. ಅವನು ಹೋದ, ಆದರೆ ಕತ್ತಲಾಗುವ ಮೊದಲೇ ಮನೆಗೆ ಬಂದ.

ನಾನು ತೆಗೆದ ಆ ಸಾಲು ಇನ್ನೂ ನನ್ನ ಲೆಕ್ಕಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿದೆ. ತೆಗೆದದ್ದು ಸರಿಯೋ ತಪ್ಪೋ ಎಂದು ಕೇಳಿದರೆ ಒಂದು ದಿನ ಸರಿ ಅನ್ನಿಸುತ್ತದೆ, ಇನ್ನೊಂದು ದಿನ ತಪ್ಪು ಅನ್ನಿಸುತ್ತದೆ. ಮುಂದಿನ ವರ್ಷ ನನಗೆ 18 ತುಂಬುತ್ತದೆ. ಆಗ ಅರ್ಜಿಯ ಕೆಳಗೆ ನನ್ನದೇ ಸಹಿ ಹಾಕಬೇಕೆಂದಿದ್ದೇನೆ. ನಿಮ್ಮ ಮನೆಯಲ್ಲಿಯೂ ಟಿ.ವಿ. ಮೇಲೆ ಓದದ ಕಾಗದಗಳು ಇರಬಹುದು. ಒಟ್ಟು ಮೊತ್ತ ಮಾತ್ರ ನೋಡಿ ಇಡಬೇಡಿ, ಸಾಲು ಸಾಲಾಗಿ ಓದಿ. ನಿಮ್ಮ ಓಣಿಯ ಖಾಲಿ ಜಾಗದ ಹೆಸರು ನಕ್ಷೆಯಲ್ಲಿ ಏನಿದೆ ಎಂದು ಕೇಳಿ. ಖರ್ಚು ಹತ್ತು ರೂಪಾಯಿ, 150 ಪದದ ಒಳಗೆ ಬರೆಯಬೇಕು. ಬರೆಯಲು ಕಷ್ಟವಾದರೆ ಮಧ್ಯಾಹ್ನದ ಬಿಡುವಿನಲ್ಲಿ ನಾನು ಗ್ರಂಥಾಲಯದಲ್ಲಿ ಇರುತ್ತೇನೆ.